ಮನಸ್ಸು ಶುದ್ಧ ಇಲ್ಲದೆ ಪೂಜೆಗೆ ಕೂರಬಹುದೇ?

ದಿನಾ ಸ್ನಾನ ಮಾಡಿ ದೇವರ ಮುಂದೆ ಕೂರುತ್ತೀರಿ, ಆದರೆ ಕೋಪ, ಹೊಟ್ಟೆಕಿಚ್ಚು, ಬೇಡದ ಯೋಚನೆ ಯಾವುದೂ ಬಿಡುತ್ತಿಲ್ಲ ಅಂತ ಬರೆದಿದ್ದೀರಿ. ಇಂಥ ಮನಸ್ಸಿಟ್ಟುಕೊಂಡು ಪೂಜೆ ಮಾಡುವುದು ದೇವರಿಗೆ ಮೋಸ ಮಾಡಿದಂತೆ ಅಲ್ವಾ, ಸರಿಹೋಗುವ ತನಕ ನಿಲ್ಲಿಸಿಬಿಡಲೇ ಅಂತ ಕೇಳಿದ್ದೀರಿ. ನಿಲ್ಲಿಸಬೇಡಿ. ಯಾಕೆ ಅಂತ ಹೇಳಬೇಕಾದರೆ ನನ್ನದೇ ಒಂದು ನಾಚಿಕೆಗೇಡಿನ ಕಥೆ ಹೇಳಬೇಕು.

ನಾನು ಅಜ್ಜಿಯ ಮಡಿ ನೋಡಿ ಬೆಳೆದವನು. ಒಗೆದು ಹಿಂಡಿದ ಸೀರೆಯನ್ನು ಕೋಲಿನಿಂದ ಎತ್ತಿ, ಸೂರಿನ ಹತ್ತಿರ ಕಟ್ಟಿದ ಬಿದಿರಿನ ಗಳದ ಮೇಲೆ ಹರವುತ್ತಿದ್ದರು. ನಮ್ಮ ಕೈಗೆ ಎಟುಕಬಾರದು ಅಂತ. ಬೆಳಿಗ್ಗೆ ಅದೇ ಕೋಲಿನಿಂದ ಇಳಿಸಿ ಉಟ್ಟರೆ, ಪೂಜೆ ಮುಗಿಯುವ ತನಕ ಯಾರೂ ಹತ್ತಿರ ಸುಳಿಯುವಂತಿರಲಿಲ್ಲ. ಬೆಂಗಳೂರಿನ ಫ್ಲಾಟಿನಲ್ಲಿ ಗಳ ಎಲ್ಲಿಂದ ತರೋದು? ಬಾಲ್ಕನಿಯಲ್ಲಿ ಹಗ್ಗ ಕಟ್ಟಿ ನನ್ನ ಮಡಿ ಪಂಚೆ ಒಣಹಾಕುತ್ತಿದ್ದೆ.

ಒಂದು ಶನಿವಾರ ಸ್ನಾನ ಮುಗಿಸಿ ಬಂದು ನೋಡಿದರೆ, ಮೇಲಿನ ಮನೆಯವರ ಬಟ್ಟೆಯಿಂದ ನೀರು ಟಪಟಪ ಅಂತ ಪಂಚೆಯ ಮೇಲೆ ಬೀಳುತ್ತಿದೆ. ಒದ್ದೆ ಟವೆಲ್ ಸುತ್ತಿಕೊಂಡೇ ಮೆಟ್ಟಿಲು ಹತ್ತಿ ಹೋಗಿ ಬೆಲ್ ಒತ್ತಿದೆ. ಬಾಗಿಲು ತೆಗೆದ ಯಜಮಾನರು ನನಗಿಂತ ಇಪ್ಪತ್ತು ವರ್ಷವಾದರೂ ದೊಡ್ಡವರು. ಬಾಯಿಗೆ ಬಂದಂತೆ ಅಂದೆ. "ಯಾರ್ಯಾರ ಬಟ್ಟೆ ನೀರೋ ಏನೋ" ಅಂತಲೂ ಒಂದು ಮಾತು ಜಾರಿತು. ಅವರು "ಆಯ್ತು ಸರ್, ಇನ್ಮೇಲೆ ಹಿಂಡಿ ಹಾಕ್ತೀವಿ" ಅಂದರು, ಅಷ್ಟೇ.

ಕೆಳಗೆ ಬಂದು ಬೀರುವಿನಿಂದ ರೇಷ್ಮೆ ಮಗುಟ ತೆಗೆದು ಉಟ್ಟೆ. (ರೇಷ್ಮೆಗೆ ಮೈಲಿಗೆ ಅಷ್ಟು ಬೇಗ ಅಂಟುವುದಿಲ್ಲವಂತೆ, ಎಂಥ ಅನುಕೂಲ ನೋಡಿ!) ಆಚಮನ ಮಾಡಿ, ತಲೆಗೆ ನೀರು ಚಿಮುಕಿಸಿಕೊಂಡು ಹೇಳುವ ಶ್ಲೋಕ ಹೇಳಿದೆ. "ಅಪವಿತ್ರಃ ಪವಿತ್ರೋ ವಾ" ಅಂತ ಶುರುವಾಗುತ್ತದಲ್ಲ, ಅದು. ಅಪವಿತ್ರನಾಗಿರಲಿ, ಪವಿತ್ರನಾಗಿರಲಿ, ಯಾವ ಸ್ಥಿತಿಯಲ್ಲೇ ಇರಲಿ, ಪುಂಡರೀಕಾಕ್ಷನನ್ನು ನೆನೆದವನು ಒಳಗೂ ಹೊರಗೂ ಶುಚಿ ಅಂತ ಅದರ ಅರ್ಥ. ಎಷ್ಟು ಸಾವಿರ ಸಲ ಹೇಳಿದ್ದೇನೋ. ಅವತ್ತೂ ನಾಲಿಗೆ ತಾನಾಗಿ ಹೇಳಿ ಮುಂದೆ ಹೋಯಿತು.

ಸಿಕ್ಕಿಬಿದ್ದದ್ದು ಕೊನೆಯಲ್ಲಿ. ಮಂಗಳಾರತಿ ಆಯಿತು, ಅಕ್ಷತೆ ಕೈಯಲ್ಲಿ ಹಿಡಿದು "ಮಂತ್ರಹೀನಂ ಕ್ರಿಯಾಹೀನಂ ಭಕ್ತಿಹೀನಂ ಜನಾರ್ದನ" ಅನ್ನಬೇಕು. ಮಂತ್ರ ತಪ್ಪಿರಲಿಲ್ಲ. ಕ್ರಿಯೆಯೂ ತಪ್ಪಿರಲಿಲ್ಲ, ಬಟ್ಟೆ ಕೂಡ ಬದಲಾಯಿಸಿ ಕೂತಿದ್ದೆನಲ್ಲ. ಮೂರನೆಯದು ಮಾತ್ರ ಗಂಟಲಲ್ಲೇ ನಿಂತುಬಿಟ್ಟಿತು.

ಆಮೇಲೆ ಯೋಚಿಸಿದೆ. ಪೂಜೆ ಶುರುವಾಗುವುದೇ "ಅಪವಿತ್ರ" ಅನ್ನುವ ಶಬ್ದದಿಂದ. ಮುಗಿಯುವುದು "ಭಕ್ತಿ ಸಾಲದು, ನೀನೇ ತುಂಬಿಕೋ" ಅಂತ. ನಡುವೆ ನಿಂತಲ್ಲೇ ಪ್ರದಕ್ಷಿಣೆ ಬರುವಾಗ "ಪಾಪೋಽಹಂ ಪಾಪಕರ್ಮಾಹಂ" ಅಂತ ನಮ್ಮ ಬಾಯಲ್ಲೇ ಹೇಳಿಸುತ್ತದೆ. ನೀವು ದೇವರ ಮುಂದೆ ಯಾವುದನ್ನು ಹೇಗೆ ತರಲಿ ಅಂತ ಸಂಕೋಚಪಡುತ್ತಿದ್ದೀರೋ, ಅದನ್ನು ದಿನಾ ತಂದು ಒಪ್ಪಿಸುವುದಕ್ಕೇ ಈ ಏರ್ಪಾಡು ಮಾಡಿದಂತಿದೆ.

ಹಾಗಂತ ಏನು ಮಾಡಿದರೂ ನಡೆಯುತ್ತದೆ ಅಂತ ನಾನು ಹೇಳುವುದಿಲ್ಲ. 12ನೇ ಶತಮಾನದ ಬಸವಣ್ಣನವರ "ಕಳಬೇಡ ಕೊಲಬೇಡ" ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಅದರಲ್ಲಿ ಏಳು 'ಬೇಡ'ಗಳಿವೆ, ಸ್ನಾನದ ಮಾತೇ ಇಲ್ಲ. "ಇದೇ ಅಂತರಂಗ ಶುದ್ಧಿ, ಇದೇ ಬಹಿರಂಗ ಶುದ್ಧಿ" ಅಂತ ಎರಡಕ್ಕೂ ಒಂದೇ ಪಟ್ಟಿ. ನಾಲ್ಕನೆಯದು "ಮುನಿಯಬೇಡ". ಐದನೆಯದು "ಅನ್ಯರಿಗೆ ಅಸಹ್ಯಪಡಬೇಡ". ನನ್ನಂಥ ಮಡಿಯವರ ಕೆನ್ನೆಗೆ ಬೀಳುವುದು ಇದೇ ಐದನೆಯದು. ಮಡಿಯ ಹೆಸರಲ್ಲಿ ಮನುಷ್ಯರನ್ನೇ ಬಾಗಿಲಾಚೆ ನಿಲ್ಲಿಸಿದವರು ನಾವು. ಅವತ್ತು ಮೇಲಿನ ಮನೆ ಬಾಗಿಲಲ್ಲಿ ನನ್ನ ಬಾಯಿಂದ ಬಂದದ್ದೂ ಅದೇ ರೋಗ.

ಈಗ ನಿಮ್ಮ ವಿಷಯ. ಸುಮ್ನೆ ಬಂದು ಹೋಗುವ ಯೋಚನೆಗಳನ್ನೂ ಯಾರಿಗಾದರೂ ಮಾಡಿದ ನೋವನ್ನೂ ಒಂದೇ ಗಂಟಿಗೆ ಕಟ್ಟಬೇಡಿ. ಯೋಚನೆ ಬಂದರೆ ಬರಲಿ, ಜಪ ನಡೆಯಲಿ. ಅದಕ್ಕೆ ಹೆದರಿ ಎದ್ದು ಹೋದರೆ ನಾಳೆ ಇನ್ನೂ ಜಾಸ್ತಿ ಬರುತ್ತವೆ. ಕೋಪ ಇಳಿದಿಲ್ಲ ಅನ್ನಿಸಿದರೆ ಮೊದಲು ಕೈಗೆ ಕೆಲಸ ಕೊಡಿ. ನಿನ್ನೆಯ ಹೂವು ತೆಗೆಯಿರಿ, ದೀಪದ ಕಂಬಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ. ಹಿತ್ತಾಳೆ ಬೆಳಗುವಷ್ಟರಲ್ಲಿ ನನಗಂತೂ ಅರ್ಧ ಸಿಟ್ಟು ಇಳಿದಿರುತ್ತದೆ. ಆದರೆ ಯಾರನ್ನಾದರೂ ನೋಯಿಸಿ ಬಂದಿದ್ದರೆ ಪೂಜೆ ಹತ್ತು ನಿಮಿಷ ತಡವಾದರೂ ಪರವಾಗಿಲ್ಲ, ಮೊದಲು ಅವರಿಗೊಂದು ಫೋನ್ ಮಾಡಿ. ನನಗೆ ಅಷ್ಟು ಧೈರ್ಯ ಸಾಲಲಿಲ್ಲ, ಸಂಜೆಯ ತನಕ ತಡೆದೆ.

ಸಂಜೆ ಹೋಗಿ ತಪ್ಪಾಯ್ತು ಅಂದರೆ ಆ ಯಜಮಾನರು "ಯಾವ ವಿಷಯ ಸರ್?" ಅಂದರು. ಮರೆತಿದ್ದರೋ, ಮರೆತ ಹಾಗೆ ಮಾಡಿದರೋ. ಕೂರಿಸಿ ಕಾಫಿ ಕೊಟ್ಟರು, ಕುಡಿದೆ. ಪಂಚೆ ಈಗ ರೂಮಿನೊಳಗೆ ಫ್ಯಾನಿನ ಕೆಳಗೆ ಒಣಗುತ್ತದೆ. ಬಾಲ್ಕನಿಯಲ್ಲಿ ನೀರು ಈಗಲೂ ಬೀಳುತ್ತದೆ.