ನನ್ನನ್ನು ನಾನು ತಿಳಿದುಕೊಳ್ಳಬೇಕು ಅಂದರೆ ದಿನಾ ಕೂತು ಮಾಡೋದಾದರೂ ಏನು?

ನಿಮ್ಮ ಪ್ರಶ್ನೆಯ ತಿರುಳು ಇಷ್ಟು: ಚಿತ್ತಾಪುರದ ಕಡೆಯವರು, ವಯಸ್ಸು 26. ಕಲಬುರಗಿಯಲ್ಲಿ ರೂಮು ಮಾಡಿಕೊಂಡು ಪರೀಕ್ಷೆಗೆ ಓದುತ್ತೀರಿ, ಅರ್ಧ ದಿನ ಗಂಜಿನ, ಅಂದರೆ ಕಾಳುಕಡಿ ಮಾರುಕಟ್ಟೆಯ, ಅಡತಿ (ದಲ್ಲಾಳಿ) ಅಂಗಡಿಯಲ್ಲಿ ಲೆಕ್ಕ ಬರೆಯುತ್ತೀರಿ. "ಮೊದಲ ನಿನ್ನ ನೀ ತಿಳಕೋ ಅಂತ ಎಲ್ಲಾರೂ ಹೇಳ್ತಾರ್ರಿ. ಕಣ್ಣು ಮುಚ್ಚಿ ಕೂತರ ಏನೂ ತಿಳೀವಲ್ದು, ಚಿಂತಿ ಹೆಚ್ಚಾಗ್ತದ ಅಷ್ಟೇ. ಖರೇನೇ ಏನು ಮಾಡಬೇಕು? ಎಷ್ಟು ದಿನದಾಗ ತಿಳೀತದ?" ಎಂದು ಕೇಳಿದ್ದೀರಿ.

ಲೆಕ್ಕ ಬರೆಯುವವರಿಗೆ ಇದನ್ನು ವಿವರಿಸುವುದು ಸುಲಭ. ತೊಗರಿ ವ್ಯಾಪಾರದಲ್ಲಿ ಲಾಭವಾಯಿತೋ ಲುಕ್ಸಾನಾಯಿತೋ ಎಂದು ಯಾವ ಅಡತಿಯವರೂ ಕಣ್ಣು ಮುಚ್ಚಿ ಕೂತು ಕಂಡುಕೊಳ್ಳುವುದಿಲ್ಲ. ಆ ದಿನದ್ದು ಆ ದಿನವೇ ಕಿರ್ದಿಗೆ, ಅಂದರೆ ದಿನದ ಲೆಕ್ಕದ ಪುಸ್ತಕಕ್ಕೆ, ಏರುತ್ತದೆ, ಕಿರ್ದಿಯಿಂದ ಹೆಸರುವಾರು ಖಾತೆಗೆ ಹೋಗುತ್ತದೆ, ಖಾತೆ ನೋಡಿದಾಗ ಯಾರ ಬಾಕಿ ಎಷ್ಟು ಎಂಬುದು ತಾನೇ ಕಾಣುತ್ತದೆ. ಮನಸ್ಸಿನ ವಿಷಯದಲ್ಲಿ ಮಾತ್ರ ನಾವು ಕಿರ್ದಿಯನ್ನೇ ಬರೆಯದೆ ಒಮ್ಮೆಲೇ ಖಾತೆ ಓದಲು ಕೂರುತ್ತೇವೆ. ಬರೆಯದ ಖಾತೆಯಲ್ಲಿ ಕಾಣುವುದು ಚಿಂತೆಯೊಂದೇ. ಹಾಗಾಗಿ "ನಾನು ಯಾರು" ಎಂಬುದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನಾಲ್ಕು ವಾರ ಕಿರ್ದಿ ಬರೆಯಿರಿ.

ನೂರು ಪುಟದ ಒಂದು ನೋಟ್‌ಬುಕ್ ಸಾಕು. ದಿನಕ್ಕೆ ಮೂರೇ ನಮೂದು, ಹತ್ತು ನಿಮಿಷ. ಮಲಗುವ ಹೊತ್ತಿಗೆ ಬೇಡ, ಆಗ ಕಣ್ಣು ಎಳೆಯುತ್ತಿರುತ್ತವೆ. ರಾತ್ರಿ ಊಟಕ್ಕೆ ಮೊದಲು ಬರೆಯಿರಿ. ಪುಟಕ್ಕೆ ನಾಲ್ಕು ಕಾಲಂ ಹಾಕಿ: ಏನಾಯಿತು, ಮೈಯಲ್ಲಿ ಏನಾಯಿತು, ಮನಸ್ಸಿಗೆ ಬಂದ ಮಾತು ಯಾವುದು, ಆಮೇಲೆ ನಾನು ಮಾಡಿದ್ದೇನು. ಒಂದು ನಮೂದು ಹೀಗಿರಬಹುದು. ಮಧ್ಯಾಹ್ನ 2ಕ್ಕೆ ಅಪ್ಪನ ಫೋನು ಬಂತು, "ರಿಸಲ್ಟ್ ಏನಾಯ್ತಪಾ?" ಎಂದು ಕೇಳಿದರು. ಗಂಟಲು ಬಿಗಿಯಿತು, ಅಂಗೈ ಬೆವರಿತು. ಮನಸ್ಸಿಗೆ ಬಂದದ್ದು, "ನಾ ಯಾತಕ್ಕೂ ಬಾರದವ." ಮಾಡಿದ್ದು: "ಆಮ್ಯಾಲ ಮಾಡ್ತೀನಿ" ಎಂದು ಫೋನಿಟ್ಟು ಸಂಜೆಯವರೆಗೆ ರೀಲ್ಸ್ ನೋಡಿದೆ.

ಹೆಚ್ಚಿನವರು ತಪ್ಪುವುದು ಮೊದಲ ಕಾಲಂನಲ್ಲೇ. "ಅಪ್ಪ ನನ್ನನ್ನು ಹಂಗಿಸಿದರು" ಎಂದು ಅಲ್ಲಿ ಬರೆಯುತ್ತಾರೆ. ಹಂಗಿಸಿದರು ಎನ್ನುವುದು ಆಗಲೇ ನಿಮ್ಮ ಅರ್ಥ ಸೇರಿದ ಮಾತು, ಅದು ಮೂರನೆಯ ಕಾಲಂಗೆ ಸೇರಬೇಕಾದದ್ದು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದರೆ ಏನು ಕೇಳಿಸುತ್ತಿತ್ತೋ, ಏನು ಕಾಣಿಸುತ್ತಿತ್ತೋ ಅಷ್ಟೇ ಮೊದಲ ಕಾಲಂಗೆ ಬರಬೇಕು. ಘಟನೆ ಬೇರೆ, ಘಟನೆಯ ಬಗ್ಗೆ ನಮಗಿರುವ ನಂಬಿಕೆ ಬೇರೆ, ನೋವು ಹುಟ್ಟುವುದು ಬಹಳ ಸಲ ಎರಡನೆಯದರಿಂದ ಎಂಬುದನ್ನು ಆಲ್ಬರ್ಟ್ ಎಲ್ಲಿಸ್ ಎಂಬ ಅಮೆರಿಕದ ಮನೋವಿಜ್ಞಾನಿ 1950ರ ದಶಕದಲ್ಲೇ ತಮ್ಮ ಚಿಕಿತ್ಸೆಯ ಬುನಾದಿ ಮಾಡಿಕೊಂಡಿದ್ದರು. ಈ ಎರಡನ್ನು ಬೇರ್ಪಡಿಸಲು ಕೈಗೆ ಒಂದೆರಡು ವಾರದ ರೂಢಿ ಬೇಕು. ಅದು ಬಂದರೆ ಅರ್ಧ ಕೆಲಸ ಮುಗಿದ ಹಾಗೆ.

ಇನ್ನೊಂದು ತೊಡಕು ಪದಗಳದ್ದು. ನಾವು ಎಲ್ಲದಕ್ಕೂ "ಟೆನ್ಷನ್" ಅನ್ನುತ್ತೇವೆ, ಇಲ್ಲವೇ "ತಲಿ ಕೆಟ್ಟದ" ಅನ್ನುತ್ತೇವೆ. ಅದು ಯಾವ ಖಾತೆಗೂ ಸೇರದ ನಮೂದು. ಅಳುಕೋ, ನಾಚಿಕೆಯೋ, ಸಿಟ್ಟೋ, ಹೊಟ್ಟೆಕಿಚ್ಚೋ, ಹಳಹಳಿಯೋ, ಕಸಿವಿಸಿಯೋ, ಒಂಟಿತನವೋ ನೋಡಿ ಬರೆಯಿರಿ. ಗೆಳೆಯನಿಗೆ ನೌಕರಿ ಸಿಕ್ಕ ದಿನ ಆಗಿದ್ದು ಬೇಸರ ಎಂದುಕೊಂಡಿರುತ್ತೀರಿ; ಸರಿಯಾದ ಹೆಸರು ಹುಡುಕಿದಾಗ ಅದು ಅರ್ಧ ಹೊಟ್ಟೆಕಿಚ್ಚು, ಅರ್ಧ ಹಿಂದೆ ಉಳಿದೆನೆಂಬ ದಿಗಿಲು ಎಂದು ಗೊತ್ತಾಗಬಹುದು. ಎರಡಕ್ಕೂ ಮದ್ದು ಬೇರೆ ಬೇರೆ. ಭಾವನೆಗೆ ಹೆಸರಿಡುವುದು ಬರೀ ಶಬ್ದದ ಕೆಲಸವಲ್ಲ. 2007ರಲ್ಲಿ ಅಮೆರಿಕದ ಮನೋವಿಜ್ಞಾನಿ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು ಮಿದುಳಿನ ಸ್ಕ್ಯಾನ್ ಮಾಡಿ ನೋಡಿದಾಗ, ಸಿಟ್ಟು ಅಥವಾ ಭಯ ತುಂಬಿದ ಮುಖದ ಚಿತ್ರಕ್ಕೆ ಆ ಭಾವನೆಯ ಹೆಸರು ಹೇಳಿದ ಹೊತ್ತಿನಲ್ಲಿ ಭಯದಂಥ ಭಾವನೆಗೆ ಸ್ಪಂದಿಸುವ ಅಮಿಗ್ಡಲ ಎಂಬ ಮಿದುಳಿನ ಭಾಗದ ಉದ್ವೇಗ ಕಡಿಮೆ ಇತ್ತು. ಮನೆಯಲ್ಲಿ ಆಡುವ ಮಾತಿನಲ್ಲೇ ಬರೆಯಿರಿ. ದಖನಿ, ಮರಾಠಿ, ತೆಲುಗು, ಲಂಬಾಣಿ ಯಾವುದಾದರೂ ಸರಿ. ಪುಸ್ತಕದ ಭಾಷೆಯಲ್ಲಿ ಬರೆದರೆ ನಮೂದು ಚೆಂದ ಕಾಣುತ್ತದೆ, ನಿಜ ಮಾತ್ರ ಜಾರಿಹೋಗುತ್ತದೆ.

ನೋಟ್‌ಬುಕ್ಕಿನ ಪಕ್ಕದ ಅಂಚಿನಲ್ಲಿ ಎರಡು ಸಂಖ್ಯೆ ಇರಲಿ: ಹಿಂದಿನ ರಾತ್ರಿ ಎಷ್ಟು ತಾಸು ನಿದ್ದೆ, ಕೊನೆಯ ಊಟ ಎಷ್ಟು ಗಂಟೆಗೆ. ನಮ್ಮ ಭಾಗದಲ್ಲಿ ಇದನ್ನು ಬಿಡಲೇಬಾರದು. ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ, ತಗಡಿನ ರೂಮು ನಡುರಾತ್ರಿಯಾದರೂ ಆರುವುದಿಲ್ಲ, ಕರೆಂಟು ಹೋದರೆ ಮುಗಿಯಿತು. ಐದು ತಾಸು ನಿದ್ದೆಯ ಮೇಲೆ ಬಂದ ಸಿಟ್ಟನ್ನು "ನನ್ನ ಸ್ವಭಾವವೇ ಮುಂಗೋಪ" ಎಂದು ಖಾತೆಗೆ ಏರಿಸಿದರೆ ಲೆಕ್ಕ ತಪ್ಪಿತು. ಅದು ಬಿಸಿಲಿನ ಬಾಕಿ. ಅದೇ ಸಿಟ್ಟು ಡಿಸೆಂಬರ್ ಚಳಿಯಲ್ಲಿ, ಏಳು ತಾಸು ನಿದ್ದೆಯ ಮೇಲೂ, ಅದೇ ತರಹದ ಮಾತಿಗೇ ಬಂದರೆ ಆಗ ಅದು ನಿಮ್ಮದು ಅನ್ನಬಹುದು.

ಭಾನುವಾರ ಮುಕ್ಕಾಲು ತಾಸು ಖಾತೆಗೆ. ವಾರದ ನಮೂದುಗಳನ್ನು ಓದಿ, ಬೇರೆ ಹಾಳೆಯಲ್ಲಿ ತಲೆಬರಹ ಹಾಕಿ ವರ್ಗಾಯಿಸಿ: ಹಿರಿಯರ ಮುಂದೆ, ಸರಿಕರ ಮುಂದೆ, ಒಬ್ಬನೇ ಇದ್ದಾಗ, ದುಡ್ಡಿನ ವಿಷಯ ಬಂದಾಗ. ಮೂರು ಸಲಕ್ಕಿಂತ ಹೆಚ್ಚು ಬಂದ ಮಾತಿನ ಕೆಳಗೆ ಗೆರೆ ಎಳೆಯಿರಿ. ನಾಲ್ಕು ವಾರಕ್ಕೆ 84 ನಮೂದು ಆಗುತ್ತವೆ. ಇಷ್ಟರಲ್ಲಿ ಮರುಕಳಿಸುವ ಒಂದೆರಡು ಮಾತು ಸಿಕ್ಕೇ ಸಿಗುತ್ತವೆ. ಕೆಟ್ಟದ್ದನ್ನೇ ಬರೆಯಬೇಡಿ, ಮೂರರಲ್ಲಿ ಒಂದು ನಮೂದು ಹೊತ್ತು ಹೋದದ್ದೇ ತಿಳಿಯದ ಕೆಲಸದ್ದಾಗಿರಲಿ. ಜಮೆ ಬಿಟ್ಟು ಬರೀ ಖರ್ಚು ಬರೆದರೆ ಎಂಥ ಅಂಗಡಿಯೂ ದಿವಾಳಿ ಅನ್ನಿಸುತ್ತದೆ.

ಬರೆಯುವಾಗ "ಯಾಕೆ" ಎಂಬ ಪ್ರಶ್ನೆಯಿಂದ ದೂರ ಇರಿ. ಇದು ನಾನು ಒತ್ತಿ ಹೇಳಬೇಕಾದ ಮಾತು. ನಾನು ಯಾಕೆ ಹೀಗೆ ಎಂದು ಕೇಳಿದರೆ ಮನಸ್ಸು ಉತ್ತರ ಕೊಡುತ್ತದೆ, ಆದರೆ ಬಹಳ ಸಲ ಆ ಹೊತ್ತಿಗೆ ಒಪ್ಪುವ ಕಥೆ ಕಟ್ಟಿ ಕೊಡುತ್ತದೆ. 1977ರಲ್ಲಿ ನಿಸ್ಬೆಟ್ ಮತ್ತು ವಿಲ್ಸನ್ ಎಂಬ ಇಬ್ಬರು ಮನೋವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗವಿದೆ. ಮೇಜಿನ ಮೇಲೆ ನಾಲ್ಕು ಜೊತೆ ನೈಲಾನ್ ಕಾಲುಚೀಲ ಸಾಲಾಗಿಟ್ಟು ಯಾವುದು ಒಳ್ಳೆಯದು ಎಂದು ಕೇಳಿದರು. ನಾಲ್ಕೂ ಒಂದೇ ಮಾಲು. ಹೆಚ್ಚು ಜನ ಬಲತುದಿಯದನ್ನೇ ಆರಿಸಿದರು. ಯಾಕೆ ಎಂದಾಗ ಬಟ್ಟೆಯ ಗುಣವನ್ನು ಹೇಳಿದರೇ ಹೊರತು ಬಲಕ್ಕಿತ್ತು ಎಂದು ಒಬ್ಬರೂ ತಾವಾಗಿ ಹೇಳಲಿಲ್ಲ. ಕಾಲುಚೀಲದ ವಿಷಯದಲ್ಲೇ ಹೀಗಾದರೆ, ಅಪ್ಪನ ಫೋನಿಗೆ ನಾನು ಯಾಕೆ ಬೆವರುತ್ತೇನೆ ಎಂಬುದಕ್ಕೆ ಒಂದೇ ಸಂಜೆಯಲ್ಲಿ ಸಿಕ್ಕ ಉತ್ತರವನ್ನು ಎಷ್ಟು ನಂಬುವುದು? "ಯಾವಾಗ ಆಗುತ್ತದೆ, ಯಾರ ಮುಂದೆ, ಆಮೇಲೆ ಏನು ಮಾಡುತ್ತೇನೆ" ಇವು ಲೆಕ್ಕಕ್ಕೆ ಸಿಗುವ ಪ್ರಶ್ನೆಗಳು. ಒಂದೇ ವಾಕ್ಯ ಮೂರನೆಯ ಸಲ ತಲೆಯಲ್ಲಿ ತಿರುಗಿತು ಅನ್ನಿಸಿದ ಕೂಡಲೇ ಪೆನ್ನು ಕೆಳಗಿಟ್ಟು ಎದ್ದು ಕಲಬುರಗಿಯ ಅಪ್ಪನ ಕೆರೆ ಕಡೆ ಒಂದು ಸುತ್ತು ನಡೆದು ಬನ್ನಿ. ಒಂದೇ ಮಾತು ತಲೆಯಲ್ಲಿ ಸುತ್ತುವುದು ಆತ್ಮಾವಲೋಕನವಲ್ಲ, ಮೆಲುಕು. ಕಣ್ಣು ಮುಚ್ಚಿ ಕೂತಾಗ ನಿಮಗೆ ಆಗುತ್ತಿರುವುದೂ ಬಹುಶಃ ಅದೇ.

ಇನ್ನೊಂದು ಹಾಳೆಯ ಕೆಲಸ ಇದೆ, ತಿಂಗಳಿಗೊಮ್ಮೆ ಸಾಕು. ಎಡಕ್ಕೆ ನನಗೆ ಮುಖ್ಯ ಎಂದು ನೀವು ಹೇಳಿಕೊಳ್ಳುವ ಐದು ಸಂಗತಿ ಬರೆಯಿರಿ. ಬಲಕ್ಕೆ ಕಳೆದ ಏಳು ದಿನದಲ್ಲಿ ಅದಕ್ಕೆ ಕೊಟ್ಟ ತಾಸು ಮತ್ತು ರೂಪಾಯಿ. ಊಹೆಯಿಂದ ಬೇಡ, ಫೋನಿನ ಸ್ಕ್ರೀನ್‌ಟೈಮ್ ಮತ್ತು ಯುಪಿಐ ಹಿಸ್ಟರಿ ತೆಗೆದು ನೋಡಿ. ಅವ್ವ ಮುಖ್ಯ ಎಂದವರ ವಾರದಲ್ಲಿ ಅವ್ವನಿಗೆ 6 ನಿಮಿಷ ಬಂದಿರುತ್ತದೆ. ಹಾಗೆ ಬಂದಾಗ ನಿಮ್ಮನ್ನು ಬೈದುಕೊಳ್ಳಬೇಡಿ. ಒಂದೋ ಆ ಸಂಗತಿ ನಿಮಗೆ ನಿಜವಾಗಿ ಮುಖ್ಯವಲ್ಲ, ಯಾರೋ ಹೇಳಿದ್ದನ್ನು ಬರೆದಿದ್ದೀರಿ. ಇಲ್ಲವೇ ಮುಖ್ಯ ಹೌದು, ಆದರೆ ನಡುವೆ ಯಾವುದೋ ಅಳುಕು ಅಡ್ಡ ನಿಂತಿದೆ. ಯಾವುದು ಎಂದು ಕಿರ್ದಿ ಹೇಳುತ್ತದೆ.

ನಮಗೆ ಕಾಣದೆ ಬೇರೆಯವರಿಗೆ ಕಾಣುವ ನಮ್ಮ ಭಾಗವೂ ಒಂದಿದೆ. 1955ರಲ್ಲಿ ಜೋಸೆಫ್ ಲುಫ್ಟ್ ಮತ್ತು ಹ್ಯಾರಿಂಗ್ಟನ್ ಇಂಗಮ್ ಎಂಬ ಮನೋವಿಜ್ಞಾನಿಗಳು ಇದನ್ನು ನಾಲ್ಕು ಚೌಕದ ಕಿಟಕಿಯಾಗಿ ಬರೆದು ತೋರಿಸಿದರು. ಇಬ್ಬರ ಹೆಸರೂ ಸೇರಿ ಅದು ಜೊಹಾರಿ ಕಿಟಕಿ. ಈ ತಿಳಿವು ನಮ್ಮ ನೆಲಕ್ಕೆ ಹೊಸದಲ್ಲ. ಬಸವಕಲ್ಯಾಣದ ಅನುಭವ ಮಂಟಪದಲ್ಲಿ 12ನೆಯ ಶತಮಾನದ ಶರಣರು ತಮ್ಮ ಅನುಭವವನ್ನು ಹತ್ತು ಜನರ ಮುಂದಿಟ್ಟು ಪ್ರಶ್ನೆಗೆ ಒಡ್ಡಿದರು ಎಂದೇ ಪರಂಪರೆ ಹೇಳುತ್ತದೆ. ಅರಿವನ್ನು ಅವರು ಒಬ್ಬಂಟಿ ಕೆಲಸ ಮಾಡಿಕೊಳ್ಳಲಿಲ್ಲ. ನೀವೂ ಮೂವರನ್ನು ಆರಿಸಿ: ಮನೆಯವರೊಬ್ಬರು, ಕೆಲಸದ ಜಾಗದವರೊಬ್ಬರು, ಹಳೆಯ ಗೆಳೆಯ. "ನಾ ಹ್ಯಾಂಗ ಇದ್ದೀನಿ?" ಎಂದು ಕೇಳಬೇಡಿ, "ಛಲೋ ಇದ್ದಿ ತಗೋ" ಎಂದು ಮಾತು ಮುಗಿಸುತ್ತಾರೆ. "ಹೋದ ತಿಂಗಳದಾಗ ನನ್ನ ಯಾವ ಮಾತಿಗೆ ನಿನಗ ಬ್ಯಾಸರ ಆಯ್ತು?" ಎಂದು ಕೇಳಿ. ಉತ್ತರ ಬಂದಾಗ ಸಮಜಾಯಿಷಿ ಕೊಡಬೇಡಿ. ಒಮ್ಮೆ ವಾದ ಮಾಡಿದರೆ ಮುಂದೆ ಅವರು ನಿಜ ಹೇಳುವುದಿಲ್ಲ. ಅವರು ಹೇಳಿದ್ದನ್ನು ಬರೆದಿಟ್ಟು ಮೂರು ದಿನ ಬಿಟ್ಟು ಓದಿ. ಮೂವರಲ್ಲಿ ಇಬ್ಬರು ಹೇಳಿದ್ದು ಒಂದೇ ಆದರೆ ಅದು ಖಾತೆಗೆ. ಒಬ್ಬರೇ ಹೇಳಿದ್ದಾದರೆ ಅವರ ಆ ದಿನದ ಸಿಟ್ಟೂ ಇರಬಹುದು.

ಫೋನಿನಲ್ಲಿ ಬರುವ, ನಿಮ್ಮ ಸ್ವಭಾವಕ್ಕೆ ನಾಲ್ಕು ಅಕ್ಷರದ ಗುರುತು ಕೊಡುವ ವ್ಯಕ್ತಿತ್ವ ಪರೀಕ್ಷೆಗಳಿಗೆ ಹೆಚ್ಚು ಹೊತ್ತು ಕೊಡಬೇಡಿ. ಕೆಲವು ವಾರ ಬಿಟ್ಟು ಮತ್ತೆ ಉತ್ತರಿಸಿದರೆ ಹಲವರ ಅಕ್ಷರವೇ ಬದಲಾಗಿರುತ್ತದೆ.

ಇನ್ನು ಪೂರ್ತಿ ಮನುಷ್ಯನಾಗಿ ಬೆಳೆಯುವ ಮಾತು. ಮನೋವಿಜ್ಞಾನಿ ಕ್ಯಾರಲ್ ರಿಫ್ 1989ರಲ್ಲಿ ನೆಮ್ಮದಿಯ ಬದುಕಿಗೆ ಆರು ಅಂಗ ಗುರುತಿಸಿದರು: ತನ್ನನ್ನು ಇದ್ದಂತೆ ಒಪ್ಪುವುದು, ಆಪ್ತ ಸಂಬಂಧ, ಸ್ವಂತ ನಿರ್ಧಾರ, ದಿನದ ಬದುಕನ್ನು ನಿಭಾಯಿಸುವ ಹಿಡಿತ, ಬದುಕಿಗೊಂದು ಗುರಿ, ಹೊಸದನ್ನು ಕಲಿಯುತ್ತಿರುವುದು. ಕಲ್ಯಾಣ ಕರ್ನಾಟಕದವರಿಗೆ ನೌಕರಿಯಲ್ಲಿ ಮೀಸಲಾತಿಗೆ ದಾರಿ ಮಾಡಿದ ಸಂವಿಧಾನದ 371ಜೆ ವಿಧಿ ಜಾರಿಗೆ ಬಂದ 2013ರಿಂದ ಈಚೆಗೆ ನಮ್ಮ ಹುಡುಗರು ಹುಡುಗಿಯರು ಆಸೆಯಿಂದ ಪರೀಕ್ಷೆಗೆ ಕೂರುತ್ತಿದ್ದಾರೆ, ಅದು ಒಳ್ಳೆಯದೇ. ಆದರೆ ನಾಲ್ಕೈದು ವರ್ಷ ಗುರಿ ಎಂಬ ಒಂದೇ ಅಂಗಕ್ಕೆ ನೀರು ಹೋಗುತ್ತದೆ, ಉಳಿದ ಐದೂ ಒಣಗುತ್ತವೆ. ಗೆಳೆಯರ ಮದುವೆಗೆ ಹೋಗುವುದಿಲ್ಲ, ಒಂದು ಬ್ಯಾಳಿ ಕುದಿಸಲು ಬರುವುದಿಲ್ಲ, ಬೆನ್ನು ಹಿಡಿದಿರುತ್ತದೆ, ಎಲ್ಲದಕ್ಕೂ "ನೌಕರಿ ಆದಮ್ಯಾಲ" ಎಂಬ ಒಂದೇ ಉತ್ತರ. ರಿಸಲ್ಟ್ ಕೈಕೊಟ್ಟ ದಿನ ನಿಲ್ಲಲು ಬೇರೆ ಕಾಲೇ ಇರುವುದಿಲ್ಲ. ಇದು ನನಗೆ ನಿಜಕ್ಕೂ ಸಂಕಟ ತರುವ ಸಂಗತಿ.

ಆರಕ್ಕೂ ಹತ್ತರಲ್ಲಿ ಅಂಕ ಹಾಕಿ, ಎಲ್ಲಕ್ಕಿಂತ ಕಡಿಮೆ ಬಂದ ಒಂದನ್ನು ಮಾತ್ರ ಹಿಡಿಯಿರಿ. ಆರನ್ನೂ ಒಟ್ಟಿಗೆ ಎತ್ತಲು ಹೋದವರು ಬಹುಪಾಲು ಎರಡನೇ ವಾರಕ್ಕೆ ಬಿಡುತ್ತಾರೆ. ಹಿಡಿದದ್ದಕ್ಕೆ ಐದು ನಿಮಿಷದ ಕೆಲಸವೊಂದನ್ನು ಈಗಾಗಲೇ ದಿನಾ ಮಾಡುವ ಕೆಲಸಕ್ಕೆ ಗಂಟು ಹಾಕಿ: "ಸಂಜೆ ರೂಮಿಗೆ ಬಂದು ಚಪ್ಪಲಿ ಬಿಟ್ಟ ಕೂಡಲೇ ಅವ್ವಗ ಫೋನ್ ಮಾಡ್ತೀನಿ." ಹೀಗೆ "ಇದಾದ ಕೂಡಲೇ ಅದು" ಎಂದು ಮೊದಲೇ ಕಟ್ಟಿಟ್ಟ ಸಂಕಲ್ಪ, ಬರೀ "ಇನ್ನು ಮುಂದೆ ಮಾಡುತ್ತೇನೆ" ಎಂಬುದಕ್ಕಿಂತ ಹೆಚ್ಚು ನಿಲ್ಲುತ್ತದೆ ಎಂದು ಮನೋವಿಜ್ಞಾನಿ ಪೀಟರ್ ಗೊಲ್ವಿಟ್ಜರ್ ತೋರಿಸಿದ್ದಾರೆ. 21 ದಿನಕ್ಕೆ ರೂಢಿಯಾಗುತ್ತದೆ ಎಂಬ ಮಾತನ್ನು ನಂಬಬೇಡಿ. ಲಂಡನ್ನಿನಲ್ಲಿ ಸಂಶೋಧಕಿ ಫಿಲಿಪಾ ಲಾಲಿ ಅವರ ತಂಡ 96 ಜನರನ್ನು ಗಮನಿಸಿದಾಗ ಸುಮಾರು 66 ದಿನ ಬೇಕಾಗಿತ್ತು. ಕೆಲವರಿಗೆ 18, ಕೆಲವರಿಗೆ 254 ಎಂಬ ಅಂದಾಜು. ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡುವುದಿಲ್ಲ ಎಂಬುದೂ ಅಲ್ಲೇ ಕಂಡಿತು.

ನೋಟ್‌ಬುಕ್ ಬೇರೆಯವರ ಕೈಗೆ ಸಿಗುವ ಭಯವಿದ್ದರೆ ನೀವು ಅವರಿಗಾಗಿಯೇ ಬರೆಯತೊಡಗುತ್ತೀರಿ. ಜೊತೆಗಾರರಿರುವ ರೂಮಿನಲ್ಲಿ, ತುಂಬಿದ ಮನೆಯಲ್ಲಿ ಇದು ದೊಡ್ಡ ತೊಂದರೆ. ಹೆಸರಿನ ಬದಲು ಗುರುತು ಹಾಕಿ, ಇಲ್ಲವೇ ಭಾನುವಾರ ಖಾತೆಗೆ ವರ್ಗಾಯಿಸಿದ ಮೇಲೆ ಕಿರ್ದಿಯ ಹಾಳೆ ಹರಿದುಬಿಡಿ.

ಒಂದು ಎಚ್ಚರಿಕೆ. ಎರಡು ವಾರಕ್ಕೂ ಮೀರಿ ನಿದ್ದೆ ಊಟ ಕೆಟ್ಟಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ, ಬದುಕು ಸಾಕು ಅನ್ನಿಸುತ್ತಿದ್ದರೆ ಇದು ನೋಟ್‌ಬುಕ್ಕಿನ ಕೆಲಸವಲ್ಲ. ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋಗಿ, ಇಲ್ಲವೇ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ದಿನದ 24 ತಾಸೂ ಉಚಿತ, ಕನ್ನಡದಲ್ಲಿ ಮಾತಾಡುತ್ತಾರೆ. ಹಳೆಯ ಗಾಯವೊಂದನ್ನು ಬರೆಯಲು ಹೊರಟಾಗ ಮೈ ನಡುಗಿದರೆ ಅಲ್ಲಿಗೇ ನಿಲ್ಲಿಸಿ. ಅದನ್ನು ಬಲ್ಲವರ ಎದುರು ಕೂತು ತೆಗೆಯುವುದು ಲೇಸು.

ಎಷ್ಟು ದಿನ ಎಂದಿರಲ್ಲ. ಮರುಕಳಿಸುವ ಮೊದಲ ಮಾತು ಸಾಮಾನ್ಯವಾಗಿ ಮೂರನೇ ನಾಲ್ಕನೇ ಭಾನುವಾರಕ್ಕೆ ಕಾಣುತ್ತದೆ. ಬಿಸಿಲಿನ ಬಾಕಿ ಯಾವುದು, ಸ್ವಂತದ್ದು ಯಾವುದು ಎಂದು ಬೇರೆ ಮಾಡಲು ಒಂದು ಬೇಸಿಗೆ, ಒಂದು ಚಳಿಗಾಲ ಎರಡೂ ದಾಟಬೇಕು. ಇವತ್ತು ರಾತ್ರಿ ನಾಲ್ಕೂ ಕಾಲಂ ಬೇಡ, ಮೊದಲಿನೆರಡೇ ಬರೆಯಿರಿ. ಮೂರನೆಯದು ಮುಂದಿನ ವಾರದಿಂದ, ನಾಲ್ಕನೆಯದು ಅದರ ಮರುವಾರ. ನಾಲ್ಕು ವಾರದ ಲೆಕ್ಕ ಅಲ್ಲಿಂದ ಹಿಡಿಯಿರಿ.