ಸೇತುವೆ ಬಿದ್ದದ್ದು ಆರಕ್ಕೋ ಏಳಕ್ಕೋ?

ಪ್ರಶ್ನೆ: ನಮ್ಮ ಶಾಲೆಯಲ್ಲಿ ‘ಇತಿಹಾಸದಲ್ಲಿ ಈ ದಿನ’ ಫಲಕ ಬರೆಯುತ್ತೇವೆ. ಕಾರವಾರದ ಕಾಳಿ ನದಿಯ ಹಳೆ ಸೇತುವೆ ಕುಸಿದದ್ದು ಆಗಸ್ಟ್ 6ಕ್ಕೆ ಎಂದು ಕೆಲವರು, 7ಕ್ಕೆ ಎಂದು ಕೆಲವರು. ಯಾವುದು ಸರಿ?
– ಓದುಗರು, ಸದಾಶಿವಗಡ

ಉತ್ತರ: 2024ರ ಆಗಸ್ಟ್ 7 ಎಂದೇ ಬರೆಯಿರಿ. ಕೋಡಿಬಾಗ–ಸದಾಶಿವಗಡ ನಡುವಿನ ಆ ಸೇತುವೆ ಕುಸಿದು ಲಾರಿ ನದಿಗೆ ಬಿದ್ದಾಗ ಮಧ್ಯರಾತ್ರಿ ದಾಟಿತ್ತು. ಮಲಗಿದ್ದವರ ಲೆಕ್ಕದಲ್ಲಿ ಅದಿನ್ನೂ ಮಂಗಳವಾರ ರಾತ್ರಿ, ಗೊಂದಲ ಅಲ್ಲಿಯದೇ. ಚಾಲಕ ಬದುಕಿದ್ದನ್ನೂ ಒಂದು ಸಾಲು ಸೇರಿಸಿ.

ಪತ್ರಿಕೆಯ ತಲೆಯ ಮೇಲಿನ ದಿನಾಂಕ ನಕಲು ಮಾಡಬೇಡಿ, ಅದು ಸಾಮಾನ್ಯವಾಗಿ ಘಟನೆಯ ಮರುದಿನದ್ದು. ವರದಿಯೊಳಗಿನ ವಾರ ನೋಡಿ, ಹಳೆ ಕ್ಯಾಲೆಂಡರಿಗೆ ತಾಳೆ ಹಾಕಿ.

ಕಾರವಾರ ಬಳಿಯ ಕೂರ್ಮಗಡ ದ್ವೀಪದ ದೋಣಿ ದುರಂತದ ತೊಡಕು ಬೇರೆ. ಅದು 2019ರ ಜನವರಿ 21, ಪುಷ್ಯ ಹುಣ್ಣಿಮೆಯ ಜಾತ್ರೆಯ ದಿನ. ಮರುವರ್ಷ ಅದೇ ಹುಣ್ಣಿಮೆ ಜನವರಿ 10ಕ್ಕೇ ಬಂತು. ಜಾತ್ರೆ ತಿಥಿಗೆ, ಫಲಕ ತಾರೀಖಿಗೆ, ಎರಡನ್ನೂ ಕಲಸಬೇಡಿ.

ಅಂಕೋಲೆಯ ಉಪ್ಪಿನ ಸತ್ಯಾಗ್ರಹಕ್ಕೆ (ಏಪ್ರಿಲ್ 13, 1930) ಈ ರಗಳೆಯಿಲ್ಲ. ಆದರೆ ಆಗ ಶಾಲೆಗೆ ಬೇಸಿಗೆ ರಜೆ, ಮಾರ್ಚ್ ಕೊನೆಗೇ ಬರೆದಿಡಿ.