ಬಲವಂತ ಬೇಡ, ಮೊದಲು ಹಾಲಿನ ಲೆಕ್ಕ ನೋಡಿ

3 ವರ್ಷದ ಮಗಳು ಹೊಸದೇನು ಬಡಿಸಿದರೂ ತಟ್ಟೆ ತಳ್ಳುತ್ತಾಳೆ, ಹಾಲು ಮಾತ್ರ ಕೇಳುತ್ತಾಳೆ, ಬಲವಂತವಾಗಿ ತಿನ್ನಿಸಲೇ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಒತ್ತಾಯ ಮಾಡಿದಷ್ಟೂ ಹಟ ಹೆಚ್ಚುತ್ತದೆ. 2ರಿಂದ 6 ವರ್ಷದೊಳಗೆ ಹೊಸ ತಿನಿಸಿಗೆ ಹಿಂಜರಿಯುವುದು ತೀರಾ ಸಾಮಾನ್ಯ. ಮೊದಲ ವರ್ಷದಷ್ಟು ವೇಗವಾಗಿ ಮಗು ಆಮೇಲೆ ಬೆಳೆಯುವುದಿಲ್ಲ, ಹಾಗಾಗಿ ಹಸಿವೂ ತಗ್ಗುತ್ತದೆ.

ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಾಲು ಕುಡಿಯುತ್ತಿದ್ದರೆ ಹೊಟ್ಟೆ ಅದರಲ್ಲೇ ತುಂಬಿರುತ್ತದೆ, ಕಬ್ಬಿಣಾಂಶವೂ ಕಡಿಮೆಯಾಗಬಹುದು. ಊಟಕ್ಕೆ ಮುಂಚಿನ ಲೋಟ ನಿಲ್ಲಿಸಿ, ಊಟ ಆದಮೇಲೆ ಕೊಡಿ. ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಕೆಲಸ ಮಾಡಿದ್ದು ಇದೇ.

ಹೊಸ ತರಕಾರಿಯನ್ನು ಅವಳಿಗೆ ಇಷ್ಟವಾದದ್ದರ ಪಕ್ಕದಲ್ಲಿ, ಬೆರಳ ತುದಿಯಷ್ಟು ಮಾತ್ರ ಇಡಿ. "ಒಂದೇ ತುತ್ತು ಕಂದಾ" ಅಂತಲೂ ಗೋಗರೆಯಬೇಡಿ. ಮೂಸಲಿ, ಹಿಚುಕಲಿ, ನಾಲಿಗೆಗೆ ತಾಗಿಸಿ ಉಗುಳಲಿ, ಅದೂ ಕಲಿಕೆಯೇ. ಕೆಲವು ಮಕ್ಕಳಿಗೆ 10-15 ಸಲ ರುಚಿ ನೋಡಿದ ಮೇಲಷ್ಟೇ ಒಗ್ಗುತ್ತದೆ, ಬೇಗ ಕೈಬಿಡಬೇಡಿ. ಏನು, ಯಾವಾಗ ಅನ್ನುವುದು ನಿಮ್ಮ ಕೈಯಲ್ಲಿರಲಿ. ಎಷ್ಟು ಅನ್ನುವುದು ಅವಳಿಗೇ ಬಿಡಿ. ನೀವೂ ಪಕ್ಕದಲ್ಲಿ ಕೂತು ಅದನ್ನೇ ತಿನ್ನಿ.

ತೂಕ ಇಳಿಯುತ್ತಿದ್ದರೆ, ನುಂಗುವಾಗ ಪದೇ ಪದೇ ಕೆಮ್ಮು ಬರುತ್ತಿದ್ದರೆ, ಅಥವಾ ತಿನ್ನುವ ಪದಾರ್ಥಗಳು ದಿನೇ ದಿನೇ ಕಡಿಮೆಯಾಗುತ್ತಿದ್ದರೆ ಮಾತ್ರ ಕಾಯಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ.